ಓಕ್ ನೆಲಕ್ಕೆ ಮರ್ಫಿ ಆಯಿಲ್ ಸೋಪ್: ಕೆಲವು ವರ್ಷ ಬಳಸಿದ ಮೇಲೆ

ಷಿಕಾಗೋ ಹತ್ತಿರ ನಮ್ಮ ಮನೆ. ನೆಲ ರೆಡ್ ಓಕ್ ಮರದ್ದು, ಮೇಲೆ ಪಾಲಿಯುರೆಥೇನ್ ಕೋಟ್, ಅಂದರೆ ಮರ ಕಾಪಾಡುವ ಪಾರದರ್ಶಕ ಲೇಪ. ಇದನ್ನು ಒರೆಸಲು ಕೆಲವು ವರ್ಷಗಳಿಂದ ಮರ್ಫಿ ಆಯಿಲ್ ಸೋಪ್ ಅನ್ನುವ, ನೀರಿಗೆ ಬೆರೆಸುವ ದ್ರವ ಸೋಪು ಬಳಸುತ್ತಿದ್ದೇನೆ. ಸೋಪು ಚೆನ್ನಾಗಿದೆ. ಆದರೆ ಬಟ್ಟೆಯನ್ನು ಸರಿಯಾಗಿ ಹಿಂಡದಿದ್ದರೆ ಯಾವ ಸೋಪೂ ಮರದ ನೆಲವನ್ನು ಕಾಪಾಡುವುದಿಲ್ಲ.

ಇದು ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದ ಹಳೇ ಸರಕು, ಈಗ ಕೋಲ್ಗೇಟ್-ಪಾಮೋಲಿವ್ ಕೈಯಲ್ಲಿದೆ. ನಿಂಬೆಹುಲ್ಲಿನಂಥ ಸಿಟ್ರೊನೆಲ್ಲಾ ವಾಸನೆ. ಕೆಲವರಿಗೆ ಇಷ್ಟ, ಕೆಲವರು ಬಂದ ತಕ್ಷಣ ಕಿಟಕಿ ತೆಗೆಯುತ್ತಾರೆ.

ಬಾಟಲಿ ಮೇಲಿನ ಅಳತೆ ಒಂದು ಗ್ಯಾಲನ್ ನೀರಿಗೆ ಕಾಲು ಕಪ್, ಅಂದರೆ 3.8 ಲೀಟರಿಗೆ ಸುಮಾರು 60 ಮಿ.ಲೀ. ನಾನು ಅದರ ಅರ್ಧ ಹಾಕುತ್ತೇನೆ, ಸಾಕಾಗುತ್ತದೆ. ಜಾಸ್ತಿ ಹಾಕಿದರೆ ನೆಲ ಜಾಸ್ತಿ ಹೊಳೆಯುತ್ತದೆ ಅನ್ನುವುದು ಸುಮ್ನೆ ಭ್ರಮೆ. ಮೊದಲು ಒಣ ಮಾಪ್‌ನಿಂದ ಧೂಳು, ಮರಳು ತೆಗೆಯಬೇಕು, ಇಲ್ಲದಿದ್ದರೆ ಒರೆಸುವಾಗ ಗೀರು ಬೀಳುತ್ತದೆ. ಆಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡಿ, ಹಲಗೆಯ ಉದ್ದಕ್ಕೆ ಒರೆಸಬೇಕು. ಒರೆಸಿದ ಪಸೆ ಒಂದೆರಡು ನಿಮಿಷದಲ್ಲಿ ಆರಬೇಕು. ಆರದಿದ್ದರೆ ನೀರು ಜಾಸ್ತಿ ಆಯಿತು ಅಂತ.

ರೆಡ್ ಆಕ್ಸೈಡ್ ನೆಲಕ್ಕೆ ಬಕೆಟ್‌ಗಟ್ಟಲೆ ನೀರು, ಫಿನಾಯಿಲ್ ಹಾಕಿ ಒರೆಸಿದ ನಮ್ಮವರಿಗೆ ಇದು ಒರೆಸಿದ ಹಾಗೇ ಅನ್ನಿಸುವುದಿಲ್ಲ. ಹಾಸನದಿಂದ ಬಂದ ಅತ್ತೆ ನೋಡಿ, ‘ಬರೀ ಸವರಿದೆ ಅಲ್ವಾ?’ ಅಂದರು. ಆದರೆ ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದರೆ ಗಾಳಿ ಒಣಗಿ ಮರ ಕುಗ್ಗುತ್ತದೆ. ನಮ್ಮ ಹಾಲ್‌ನಲ್ಲಿ ಜನವರಿ ಹೊತ್ತಿಗೆ ಹಲಗೆಗಳ ಸಂದಿಯಲ್ಲಿ ಪೋಸ್ಟ್‌ಕಾರ್ಡ್ ತೂರಿಸಬಹುದು. ಸುರಿದ ನೀರು ನೇರ ಅದರೊಳಗೇ ಇಳಿಯುತ್ತದೆ. ಕೋಟ್ ಇರುವುದು ಮೇಲೆ ಮಾತ್ರ, ಹಲಗೆಯ ಪಕ್ಕದಲ್ಲಿ ಮರ ಬರಿದಾಗಿಯೇ ಇರುತ್ತದೆ. ನೀರು ಕುಡಿದ ಹಲಗೆಯ ಅಂಚು ಎದ್ದು ನಡುಭಾಗ ತಗ್ಗುತ್ತದೆ. ಬಿಸಿ ಹಬೆ ಬಿಟ್ಟು ಒರೆಸುವ ಸ್ಟೀಮ್ ಮಾಪ್ ಬೇಡ ಅನ್ನುವುದೂ ಇದಕ್ಕೇ. ವಿನೆಗರ್ ಕೂಡ ಬೇಡ, ಆಮ್ಲ ಮತ್ತೆ ಮತ್ತೆ ತಾಗಿದರೆ ಕೋಟ್‌ನ ಹೊಳಪು ಮಂಕಾಗುತ್ತದೆ.

ಈ ಸೋಪಿನ ನಿಜವಾದ ಗುಣ ಕಾಣುವುದು ಅಡುಗೆಮನೆಯಲ್ಲಿ. ಒಲೆಯ ಮುಂದೆ ಒಗ್ಗರಣೆ ಸಿಡಿದು ಬರಿಗಾಲಿಗೆ ಅಂಟುವ ಜಿಡ್ಡು ಒಂದೇ ಸಲಕ್ಕೆ ಬಿಡುತ್ತದೆ. ದೇವರ ಮುಂದೆ ಚೆಲ್ಲಿದ ದೀಪದ ಎಣ್ಣೆಯೂ ಅಷ್ಟೇ. ಅರಿಶಿನದ ಕಲೆ ಮಾತ್ರ ಜಗ್ಗುವುದಿಲ್ಲ.

ತೆಗೆದುಕೊಳ್ಳುವ ಮುಂಚೆ ನಿಮ್ಮ ನೆಲದ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನ ಹಾಗೆ ನಿಂತರೆ ಕೋಟ್ ಚೆನ್ನಾಗಿದೆ. ಹೀರಿಕೊಂಡು ಕಪ್ಪಾದರೆ ಈ ಸೋಪು ಬೇಡ. ಕೋಟ್ ಇಲ್ಲದ ಮರಕ್ಕೆ ಬಳಸಬಾರದು ಅಂತ ಬಾಟಲಿಯ ಮೇಲೂ ಬರೆದಿದೆ.

ಇನ್ನೊಂದು ವಿಷಯ. ನೆಲಕ್ಕೆ ಹೊಸ ಕೋಟ್ ಹಾಕುವವರಿಗೆ ಆಯಿಲ್ ಸೋಪ್ ಅಂದರೆ ಆಗುವುದಿಲ್ಲ. ಯಾವ ಆಯಿಲ್ ಸೋಪಾದರೂ ಅದರ ತೆಳು ಪೊರೆ ಉಳಿದಿದ್ದರೆ ಹೊಸ ಕೋಟ್ ಸರಿಯಾಗಿ ಹಿಡಿಯದೆ ಏಳಬಹುದು ಅನ್ನುತ್ತಾರೆ. ಅದಕ್ಕೆ ಪಾಲಿಯುರೆಥೇನ್ ತಯಾರಿಸುವವರೂ ಪಿಎಚ್ ನ್ಯೂಟ್ರಲ್, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಕ್ಲೀನರನ್ನೇ ಹೇಳುತ್ತಾರೆ. ನಮ್ಮ ಹಾಲ್‌ಗೆ ಸದ್ಯದಲ್ಲೇ ಕೋಟ್ ಹಾಕಿಸುವುದಿದೆ. ಹಾಗಾಗಿ ಅಲ್ಲಿ ಮರ್ಫಿ ನಿಲ್ಲಿಸಿ ಅಂಥದ್ದೊಂದನ್ನು ಶುರು ಮಾಡಿದ್ದೇನೆ. ಅಡುಗೆಮನೆಗೆ ಈಗಲೂ ಮರ್ಫಿಯೇ.