ಮಾಲಗಾದ ಬಾಡಿಗೆ ಕಾರು: ರಸ್ತೆಗೆ ಹತ್ತು, ಕೌಂಟರಿಗೆ ನಾಲ್ಕು

ವಿಜಯಪುರದ ಕಡೆಯಿಂದ ಸ್ಪೇನಿನ ದಕ್ಷಿಣ ಕರಾವಳಿಗೆ ಹೊರಡುವವರು ವಿಮಾನದ ಟಿಕೆಟ್ ಮಾಡಿದ ದಿನವೇ ಬಾಡಿಗೆ ಕಾರನ್ನೂ ಬುಕ್ ಮಾಡಿಬಿಡುವುದುಂಟು. ಮಾಲಗಾದಲ್ಲಿ ಇಳಿದ ಗಳಿಗೆಯಿಂದ ವಾಪಸ್ ಹತ್ತುವ ಗಳಿಗೆಯವರೆಗೂ ಗಾಡಿ ಕೈಯಲ್ಲಿರಬೇಕು ಎಂಬ ಲೆಕ್ಕ. ಅಷ್ಟು ದಿನ ಬೇಡ. ಮಾಲಗಾ ಊರು, ತೋರೆಮೋಲಿನೋಸ್, ಬೆನಾಲ್ಮಾದೆನಾ, ಫ್ವೆನ್ಹಿರೋಲಾ ನೋಡಲು ಕಾರಿನ ಅಗತ್ಯವೇ ಇಲ್ಲ. ಸಿ-1 ಎಂಬ ಲೋಕಲ್ ರೈಲು ವಿಮಾನ ನಿಲ್ದಾಣದಲ್ಲೇ ನಿಂತು ಈ ನಾಲ್ಕನ್ನೂ ಮುಟ್ಟಿಸುತ್ತದೆ. ಕಾರಿಗೆ ಬೆಲೆ ಬರುವುದು ಮಾಲಗಾದಿಂದ ಪೂರ್ವಕ್ಕೆ: ನೆರ್ಹಾ, ಫ್ರಿಹಿಲಿಯಾನಾ, ಅಲ್ಮುನ್ಯೇಕರ್, ಒಳಗಿನ ಆಕ್ಸರ್ಕಿಯಾ ಗುಡ್ಡಗಳು, ದಿನ ಇದ್ದರೆ ಅಲ್ಮೇರಿಯಾ ಆಚೆಯ ಕಾಬೋ ದೆ ಗಾತಾ. ಎರಡು ದಿನ ರೈಲಿನಲ್ಲಿ ತಿರುಗಿ, ನಿದ್ದೆ ಸರಿಮಾಡಿಕೊಂಡು, ಮೂರನೇ ದಿನ ಬೆಳಿಗ್ಗೆ ಗಾಡಿ ತೆಗೆದುಕೊಳ್ಳಿ. ಎರಡು ವಿಮಾನ ಬದಲಿಸಿ ಬಂದ ರಾತ್ರಿ ಕಣ್ಣುಜ್ಜಿಕೊಂಡು ರಸ್ತೆಯ ಬಲಬದಿಯಲ್ಲಿ ಗಾಡಿ ಓಡಿಸುವುದು ಅಪಾಯದ ಕೆಲಸ.

ಇಲ್ಲಿ ಬರೆದದ್ದು ಒಂದು ಕಂಪನಿಯ ಬಗ್ಗೆ ಅಲ್ಲ. ಆ ನಿಲ್ದಾಣದ ಸೆಲ್ಫ್ ಡ್ರೈವ್ ಸೇವೆಗಳ ನಡೆ ಹೆಚ್ಚುಕಡಿಮೆ ಒಂದೇ ತರಹ. ರಸ್ತೆಗೆ ಹತ್ತಕ್ಕೆ ಹತ್ತು, ಗಾಡಿಗೆ ಎಂಟು, ಕೌಂಟರಿಗೆ ನಾಲ್ಕು ಅಂಕ. ಮನೆಯಲ್ಲೇ ತಯಾರಿ ಮಾಡಿಕೊಂಡು ಹೋದವರಿಗೆ ಕೌಂಟರ್ ಕೂಡ ಏಳರವರೆಗೆ ಏರುತ್ತದೆ.

ತಯಾರಿ ಶುರುವಾಗುವುದು ನಮ್ಮ ಆರ್‌ಟಿಒ ಕಚೇರಿಯಿಂದ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕೇ ಬೇಕು. ಸಾರಥಿ ಪೋರ್ಟಲಿನಲ್ಲಿ ಫಾರಂ 4ಎ ತುಂಬಿ, ಲೈಸೆನ್ಸ್, ಪಾಸ್‌ಪೋರ್ಟ್, ವೀಸಾ ಪ್ರತಿ ಲಗತ್ತಿಸಿ, 1000 ರೂಪಾಯಿ ಶುಲ್ಕ ಕಟ್ಟಬೇಕು. ಇದು ಒಂದು ವರ್ಷ ನಡೆಯುತ್ತದೆ, ಆದರೆ ಮೂಲ ಲೈಸೆನ್ಸಿನ ಅವಧಿ ಅದಕ್ಕಿಂತ ಮುಂಚೆ ಮುಗಿದರೆ ಇದೂ ಅಂದೇ ಮುಗಿಯಿತು. ವೀಸಾ ಕೈಗೆ ಬಂದ ಮೇಲೆ ಮಾಡಿಸುವುದರಿಂದ ದಿನಗಳು ಕಡಿಮೆ ಉಳಿಯುತ್ತವೆ. ಹಾಗಾಗಿ ಲೈಸೆನ್ಸ್ ನವೀಕರಣ, ಹೆಸರಿನ ಅಕ್ಷರ ತಿದ್ದುವುದು ಇತ್ಯಾದಿ ಬಾಕಿ ಇದ್ದರೆ ವೀಸಾಕ್ಕೆ ಹಾಕುವ ಮೊದಲೇ ಮುಗಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಇದ್ದು ಲೈಸೆನ್ಸಿನಲ್ಲಿ ಬರೀ ಇನಿಶಿಯಲ್ ಇರುವುದು ನಮ್ಮ ಭಾಗದಲ್ಲಿ ಬಹಳ ಸಾಮಾನ್ಯ. ಕೌಂಟರಿನಲ್ಲಿ ತಕರಾರು ಏಳುವುದು ಅಲ್ಲೇ. ಮೂಲ ಲೈಸೆನ್ಸ್ ಕಾರ್ಡನ್ನೂ ಒಯ್ಯಿರಿ. ಡಿಜಿಲಾಕರ್ ನಂಬಿ ಕಾರ್ಡು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಎರಡನೆಯದು ಕ್ರೆಡಿಟ್ ಕಾರ್ಡ್. ಗಾಡಿ ಓಡಿಸುವವರ ಹೆಸರಿನಲ್ಲೇ ಇರಬೇಕು. ಮಗ ಓಡಿಸುತ್ತಾನೆ, ಕಾರ್ಡು ಅಪ್ಪನದು ಎಂದರೆ ಕೀಲಿ ಕೊಡುವುದಿಲ್ಲ. ಠೇವಣಿಗೆ ಫಾರೆಕ್ಸ್ ಕಾರ್ಡನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಠೇವಣಿ ಎಂದರೆ ಅಷ್ಟು ಹಣವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಕಡಿತ ಮಾಡುವುದಿಲ್ಲ. ಸಾವಿರ ಯೂರೋ ದಾಟುವುದು ಸಾಮಾನ್ಯ. ಆದ್ದರಿಂದ ಹೊರಡುವ ಮುಂಚೆ ಕಾರ್ಡಿನ ಮಿತಿ ನೋಡಿಕೊಂಡು, ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆಯನ್ನು ಚಾಲೂ ಮಾಡಿ. ಯಂತ್ರ ರೂಪಾಯಿಯಲ್ಲೋ ಯೂರೋದಲ್ಲೋ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರದಾಗುತ್ತದೆ, ನಷ್ಟ ನಿಮ್ಮದು.

ಈಗ ಕೌಂಟರಿನ ಅಸಲು ವಿಷಯ, ವಿಮೆ. ಆನ್‌ಲೈನಿನಲ್ಲಿ ತೋರಿಸಿದ ಬಾಡಿಗೆಯಲ್ಲಿ ಮೂಲ ವಿಮೆ ಸೇರಿರುತ್ತದೆ, ಆದರೆ ಅದಕ್ಕೆ ಫ್ರಾಂಕೀಸಿಯಾ ಎಂಬ ಮಿತಿ ಇದೆ. ಹಾನಿಯಾದರೆ ಅಷ್ಟು ಮೊತ್ತದವರೆಗೆ ನೀವೇ ಕೊಡಬೇಕು. ಟೈರು, ಗಾಜು, ಗಾಡಿಯ ತಳ, ಕೀಲಿ, ತಪ್ಪು ಇಂಧನ ಇವು ಮೂಲ ವಿಮೆಯಿಂದ ಹೊರಗೆ ಉಳಿಯುವುದೇ ಹೆಚ್ಚು. ಕೌಂಟರಿನಲ್ಲಿ ಪೂರ್ಣ ವಿಮೆ ಕೊಂಡರೆ ಠೇವಣಿ ಇಳಿಯುತ್ತದೆ, ದಿನದ ಬಾಡಿಗೆ ಏರುತ್ತದೆ. ಮೊದಲೇ ಬೇರೆ ವಿಮಾ ಸಂಸ್ಥೆಯಿಂದ ಕೊಂಡರೆ ಅಗ್ಗ, ಆದರೆ ಕೌಂಟರಿನವರಿಗೆ ಅದು ಲೆಕ್ಕಕ್ಕಿಲ್ಲ. ಅವರು ಠೇವಣಿ ಹಿಡಿದೇ ಹಿಡಿಯುತ್ತಾರೆ, ಹಾನಿಯಾದರೆ ಮೊದಲು ನೀವು ಕೊಟ್ಟು ಆಮೇಲೆ ವಿಮೆಯವರಿಂದ ವಸೂಲು ಮಾಡಿಕೊಳ್ಳಬೇಕು. ಕಾರ್ಡಿನ ಮಿತಿ ದೊಡ್ಡದಿದ್ದವರಿಗೆ ಎರಡನೆಯ ದಾರಿ ಒಳ್ಳೆಯದು. ಮೊದಲ ಸಲ ಬಲಬದಿಯಲ್ಲಿ ಓಡಿಸುವವರು ಪೂರ್ಣ ವಿಮೆ ಕೊಳ್ಳುವುದೇ ಸರಿ. ಯಾಕೆಂದರೆ ಮೊದಲ ದಿನ ಪೆಟ್ಟು ಬೀಳುವುದು ಬಹುತೇಕ ಬಲಗಡೆಯ ಚಕ್ರದ ರಿಮ್ಮಿಗೆ, ಮೂಲ ವಿಮೆ ಬಿಟ್ಟುಬಿಡುವ ಭಾಗಕ್ಕೇ. ಇಂಧನಕ್ಕೆ ಯಾವಾಗಲೂ ತುಂಬಿ ತೆಗೆದುಕೊಂಡು ತುಂಬಿ ಕೊಡುವ ಕರಾರನ್ನೇ ಆರಿಸಿ.

ಗಿಯರ್ ವಿಷಯದಲ್ಲಿ ಹಣ ಉಳಿಸಲು ಹೋಗಬೇಡಿ. ಅಲ್ಲಿ ಮ್ಯಾನುವಲ್ ಗಾಡಿ ಅಗ್ಗ, ಆಟೊಮ್ಯಾಟಿಕ್ ದುಬಾರಿ. ಆದರೂ ಆಟೊಮ್ಯಾಟಿಕ್ಕೇ ಇರಲಿ. ಗಾತ್ರ ಮಾತ್ರ ಸಣ್ಣದು ನೋಡಿ. ನೆಲಮಾಳಿಗೆಯ ಪಾರ್ಕಿಂಗಿನ ತಿರುವುಗಳಲ್ಲಿ, ಗೋಡೆಗೆಲ್ಲ ಸುಣ್ಣ ಬಳಿದ ಬಿಳಿ ಊರುಗಳ ಓಣಿಗಳಲ್ಲಿ ದೊಡ್ಡ ಎಸ್‌ಯುವಿ ತಲೆನೋವು.

ಕೀಲಿ ಕೈಗೆ ಬಂದಮೇಲೆ ಹತ್ತು ನಿಮಿಷ ಅಲ್ಲೇ ನಿಲ್ಲಿ. ಮೊಬೈಲ್ ಟಾರ್ಚ್ ಹಚ್ಚಿಕೊಂಡು ಗಾಡಿಯ ಸುತ್ತ ಒಂದೇ ವೀಡಿಯೊ ಮಾಡಿ: ನಾಲ್ಕೂ ರಿಮ್, ಮುಂದಿನ ಬಂಪರಿನ ಕೆಳತುಟಿ, ಕನ್ನಡಿಗಳ ಹೊರಬದಿ, ಮುಂಗಾಜು, ಟಾಪು. ಇಂಧನದ ಮುಳ್ಳು ಮತ್ತು ಓಡಿದ ಕಿಲೋಮೀಟರಿಗೆ ಬೇರೆ ಫೋಟೊ. ಕಂಡ ಗೀರು ಅವರ ಕಾಗದದಲ್ಲಿ ಇಲ್ಲದಿದ್ದರೆ ಗಾಡಿ ಅಲುಗಿಸುವ ಮೊದಲೇ ಬರೆಸಿ. ಸ್ಟೆಪ್ನಿ ಇದೆಯೋ, ಬರೀ ಪಂಕ್ಚರ್ ಕಿಟ್ಟೋ ನೋಡಿಕೊಳ್ಳಿ. ಹೊಳೆಯುವ ಜಾಕೆಟ್ ಡಿಕ್ಕಿಯಲ್ಲಿದ್ದರೆ ತೆಗೆದು ಸೀಟಿನ ಪಕ್ಕ ಇಟ್ಟುಕೊಳ್ಳಿ. ಗಾಡಿ ಕೆಟ್ಟು ಹೆದ್ದಾರಿಯಲ್ಲಿ ಇಳಿಯಬೇಕಾದರೆ ಅದನ್ನು ತೊಟ್ಟೇ ಇಳಿಯಬೇಕು. 2026ರ ಜನವರಿ 1ರಿಂದ ಅಲ್ಲಿನ ನೋಂದಣಿಯ ಗಾಡಿಗಳಿಗೆ ಎಚ್ಚರಿಕೆಯ ತ್ರಿಕೋನದ ಬದಲು ವಿ-16 ಎಂಬ ಮಿನುಗು ದೀಪ ಕಡ್ಡಾಯ. ಕಿಟಕಿಯಿಂದ ಕೈ ಹೊರಹಾಕಿ ಟಾಪಿನ ಮೇಲೆ ಇಟ್ಟರೆ ಅಯಸ್ಕಾಂತ ಹಿಡಿದುಕೊಳ್ಳುತ್ತದೆ. ಎಲ್ಲಿಟ್ಟಿದ್ದಾರೆಂದು ಕೇಳಿ ತಿಳಿದುಕೊಳ್ಳಿ.

ಓಡಿಸುವುದಕ್ಕೆ ಹೆದರಬೇಕಿಲ್ಲ. ರಾತ್ರಿ ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಜೋಡಿ ಟ್ರೇಲರ್, ಎದುರುದಾರಿಯಲ್ಲಿ ಬರುವ ಬೈಕು, ಇಂಥವನ್ನು ದಿನಾ ತಪ್ಪಿಸಿಕೊಂಡು ಓಡಿಸುವವರಿಗೆ ಅಲ್ಲಿನ ರಸ್ತೆ ಹಗುರ. ಕೈ ತಪ್ಪುವುದು ಸಣ್ಣ ಜಾಗಗಳಲ್ಲಿ. ನಮ್ಮ ಮಾರುತಿ, ಹುಂಡೈ ಗಾಡಿಗಳಲ್ಲಿ ಇಂಡಿಕೇಟರ್ ಕಡ್ಡಿ ಬಲಗೈಗೆ, ಅಲ್ಲಿ ಎಡಗೈಗೆ. ಬಿಸಿಲಿನಲ್ಲಿ ಒಣ ಗಾಜಿನ ಮೇಲೆ ವೈಪರ್ ಕಿರ್ರೆನ್ನುತ್ತ ಓಡಾಡಿತೆಂದರೆ ತಿರುವಿನ ಸೂಚನೆ ಹೋಗಿಲ್ಲ ಎಂದರ್ಥ, ಹಿಂದಿನ ಗಾಡಿಗೆ ನೀವು ತಿರುಗುವುದು ಗೊತ್ತಾಗಿಲ್ಲ. ಕೂರುವುದು ಎಡಗಡೆ, ಆದ್ದರಿಂದ ರಸ್ತೆಯ ನಡುಗೆರೆ ನಿಮ್ಮ ಎಡ ಭುಜದ ಹತ್ತಿರ ಇರಬೇಕು. ದೂರ ಹೋಯಿತೆಂದರೆ ಬಲ ಚಕ್ರ ಅಂಚುಗಲ್ಲಿಗೆ ಉಜ್ಜುತ್ತದೆ. ನಿಲ್ಲಿಸಿದ್ದ ಗಾಡಿ ಹೊರತೆಗೆಯುವಾಗ, ಖಾಲಿ ರಸ್ತೆಗೆ ತಿರುಗುವಾಗ ಅಭ್ಯಾಸಬಲ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ಮೊದಲ ದಿನವೆಲ್ಲ ಪ್ರತಿ ತಿರುವಿಗೂ "ಬಲಕ್ಕೆ" ಅನ್ನಲಿ, ನಾಚಿಕೆ ಬೇಡ.

ಸರ್ಕಲ್‌ಗಳಲ್ಲಿ ಸುತ್ತು ಗಡಿಯಾರಕ್ಕೆ ಎದುರು, ಈಗಾಗಲೇ ಒಳಗೆ ಸುತ್ತುತ್ತಿರುವವರಿಗೆ ಮೊದಲ ದಾರಿ. ಒಳಸಾಲಿನಿಂದ ನೇರ ಹೊರಬೀಳುವುದು ತಪ್ಪು. ಹೊರಸಾಲಿಗೆ ಬಂದೇ ಹೊರಬೀಳಬೇಕು. ಸಾಧ್ಯವಾಗದಿದ್ದರೆ ಇನ್ನೊಂದು ಸುತ್ತು ಹಾಕಿ. ಸ್ಟಾಪ್ ಫಲಕದಲ್ಲಿ ಚಕ್ರ ಪೂರ್ತಿ ನಿಲ್ಲಬೇಕು, ನಿಧಾನಿಸಿದರೆ ಸಾಲದು. ಜೀಬ್ರಾ ಪಟ್ಟೆಗೆ ಕಾಲಿಟ್ಟವರಿಗೆ ನಿಲ್ಲಲೇಬೇಕು. ಹಾರ್ನ್ ಅಪಾಯಕ್ಕೆ ಮಾತ್ರ. ಹೆದ್ದಾರಿಯಲ್ಲಿ ವೇಗದ ಮಿತಿ 120, ಸಾಮಾನ್ಯ ರಸ್ತೆಯಲ್ಲಿ 90, ಊರೊಳಗೆ ಒಂದೊಂದು ಸಾಲಿನ ಬೀದಿಯಲ್ಲಿ 30, ಎರಡೆರಡು ಸಾಲಿದ್ದರೆ 50. ಫೋನ್ ಕೈಯಲ್ಲಿ ಹಿಡಿದರೆ 200 ಯೂರೋ ದಂಡ, ಹೋಲ್ಡರ್ ಮನೆಯಿಂದಲೇ ಒಯ್ಯಿರಿ. 135 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಹಿಂದಿನ ಸೀಟು, ಅದಕ್ಕೆ ತಕ್ಕ ಚೈಲ್ಡ್ ಸೀಟು ಕಡ್ಡಾಯ. ಬುಕ್ ಮಾಡುವಾಗಲೇ ಕೇಳಿ.

ಮಾಲಗಾದ ಪಶ್ಚಿಮಕ್ಕೆ ಹೋಗಲೇಬೇಕೆಂದರೆ ಒಂದು ಮಾತು. ಫ್ವೆನ್ಹಿರೋಲಾದಿಂದ ಎಸ್ತೆಪೋನಾವರೆಗಿನ ಎ-7 ಹೆದ್ದಾರಿ ಉಚಿತ, ಆದರೆ ಅದು ಹಳೆಯ ಎನ್-340 ರಸ್ತೆಯನ್ನೇ ಅಗಲಿಸಿ ಮಾಡಿದ್ದು. ಸೇರುವ ದಾರಿಗಳು ಬಹಳ ಚಿಕ್ಕವು, ಕೆಲವೆಡೆ ತುದಿಯಲ್ಲಿ ಸ್ಟಾಪ್ ಫಲಕವೇ ಇದೆ. ನಿಂತಲ್ಲಿಂದ ಎದ್ದು ಓಡುವ ಗಾಡಿಗಳ ನಡುವೆ ನುಗ್ಗಬೇಕು. ಹೊಸಬರಿಗೆ ಪಕ್ಕದ ಟೋಲ್ ರಸ್ತೆ ಎಪಿ-7 ಲೇಸು. ಬೇಸಿಗೆಯ ತಿಂಗಳುಗಳಲ್ಲಿ ಅದರ ದರ ಜಾಸ್ತಿ. ಬರೀ ಟಿ ಅಕ್ಷರ ಇರುವ ಸಾಲು ನಮ್ಮ ಫಾಸ್ಟ್ಯಾಗ್ ಇದ್ದಂತೆ, ಯಂತ್ರ ಇಲ್ಲದೆ ಹೋಗಬೇಡಿ. ಕಾರ್ಡಿನ ಚಿತ್ರ ಇರುವ ಸಾಲಿಗೆ ಹೋಗಿ. ದಾರಿ ತಪ್ಪಿ ಮುಂದೆ ಹೋದರೆ "ಕಾಂಬಿಯೋ ದೆ ಸೆಂತಿದೋ" ಎಂಬ ಫಲಕ ಹುಡುಕಿ, ಅದು ಯು-ಟರ್ನಿನ ಜಾಗ.

ಪೂರ್ವದ ಎ-7ಕ್ಕೆ ಅಲ್ಮೇರಿಯಾವರೆಗೂ ಟೋಲ್ ಇಲ್ಲ, ದೂರ ಸುಮಾರು 200 ಕಿಲೋಮೀಟರ್. ಆದರೆ ನೆರ್ಹಾದಿಂದ ಲಾ ಎರಾದೂರಾವರೆಗೆ ಹೆದ್ದಾರಿ ಬಿಟ್ಟು ಹಳೆಯ ಎನ್-340 ಹಿಡಿಯಿರಿ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕೆಳಗೆ ಕಡಲು. ಪಶ್ಚಿಮದಿಂದ ಪೂರ್ವಕ್ಕೆ ಓಡಿಸಿದರೆ ಕಡಲು ನಿಮ್ಮ ಬದಿಗೇ ಇರುತ್ತದೆ, ನಿಲ್ಲುವ ಜಾಗಗಳಿಗೆ ಎದುರು ಗಾಡಿ ದಾಟದೆ ಇಳಿಯಬಹುದು. ಸೈಕಲ್ ಸವಾರರು ಹೆಚ್ಚು. ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡುವುದು ಕಾನೂನು. ಮಾರೋ ಎಂಬ ಊರಿನ ಹತ್ತಿರ ನಾಲ್ಕು ಸಾಲು ಕಮಾನುಗಳ ಹಳೆಯ ನೀರಿನ ಸೇತುವೆ ಕಾಣುತ್ತದೆ, 19ನೇ ಶತಮಾನದಲ್ಲಿ ಸಕ್ಕರೆ ಕಾರ್ಖಾನೆಗೆ ನೀರು ಒಯ್ಯಲು ಕಟ್ಟಿದ್ದು. ಈ ಕರಾವಳಿಯಲ್ಲಿ ಶತಮಾನಗಳ ಕಾಲ ಕಬ್ಬು ಬೆಳೆಯುತ್ತಿದ್ದರು. ಈಗ ಅಲ್ಮುನ್ಯೇಕರ್ ಸುತ್ತ ಅವಕಾಡೊ, ಮಾವು, ಮತ್ತು ನಮ್ಮ ಸೀತಾಫಲದ ಬಳಗದ ಚಿರಿಮೋಯಾ ತೋಟಗಳು. ಅಕ್ಟೋಬರ್ ನಂತರ ಹೋದರೆ ಹಣ್ಣು ಸಿಗುತ್ತದೆ. ಸಿಪ್ಪೆ ನುಣುಪು, ತಿರುಳು ಬೆಣ್ಣೆಯ ಹಾಗೆ.

ವಿಜಯಪುರದವರು ತಪ್ಪಿಸಬಾರದ ದಾರಿ ಇನ್ನೊಂದಿದೆ. ಕರಾವಳಿಯಿಂದ ಒಳಕ್ಕೆ ಗುಡ್ಡ ಹತ್ತಿ ಅಲ್ಮಾಚಾರ್, ಎಲ್ ಬೋರ್ಹೆ ಊರುಗಳ ಕಡೆ ಹೋದರೆ ಒಣದ್ರಾಕ್ಷಿಯ ಸೀಮೆ. ತಿಕೋಟಾ ಕಡೆ ನಾವು ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಜಾಳಿಗೆಯ ಮೇಲೆ ಹರಡಿ ಒಣಗಿಸುತ್ತೇವೆ. ಅವರದು ಬೀಜವಿರುವ ಮಸ್ಕತ್ ದ್ರಾಕ್ಷಿ. ಏನನ್ನೂ ಹಚ್ಚದೆ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಕಣದಲ್ಲಿ ನೇರ ಬಿಸಿಲಿಗೆ ಗೊಂಚಲುಗಳನ್ನು ಹಾಸುತ್ತಾರೆ. ಒಂದು ಮಗ್ಗಲು ಒಣಗಿದ ಮೇಲೆ ಒಂದೊಂದೇ ಗೊಂಚಲನ್ನು ಕೈಯಿಂದ ಮಗುಚುತ್ತಾರೆ. ಹಸಿರು ಬಣ್ಣದ ಆಸೆಯಿಲ್ಲ, ಕಪ್ಪು ನೇರಳೆಗೆ ತಿರುಗಿದ್ದೇ ಒಳ್ಳೆಯ ಮಾಲು. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಕಣಗಳು ತುಂಬಿರುತ್ತವೆ. ರಸ್ತೆ ಕಿರಿದು, ತಿರುವು ಜಾಸ್ತಿ. ಹಗಲಿನಲ್ಲೇ ಹೋಗಿ ಬನ್ನಿ. ಊರ ಹೊರಗೇ ಗಾಡಿ ಬಿಟ್ಟು ನಡೆಯಿರಿ, ನ್ಯಾವಿಗೇಶನ್ ತೋರಿಸುವ ಹತ್ತಿರದ ದಾರಿ ಎಷ್ಟೋ ಸಲ ಮೆಟ್ಟಿಲಿನಲ್ಲಿ ಕೊನೆಗೊಳ್ಳುತ್ತದೆ. ಶಾಕಾಹಾರಿಗಳಿಗೆ ಅಲ್ಲಿನ ಅಹೋಬ್ಲಾಂಕೊ ಸಿಕ್ಕರೆ ಕುಡಿಯಿರಿ: ಬಾದಾಮಿ, ಬೆಳ್ಳುಳ್ಳಿ, ಬ್ರೆಡ್ಡು, ಎಣ್ಣೆ ರುಬ್ಬಿದ ತಣ್ಣನೆ ಸಾರು, ಮೇಲೆ ದ್ರಾಕ್ಷಿ. ಬದನೆಕಾಯಿ ಹೋಳು ಕರಿದು ಕಬ್ಬಿನ ಕಾಕಂಬಿ ಸುರಿದು ಕೊಡುವುದೂ ಇದೆ. ಸಲಾಡಿನಲ್ಲಿ ಮಾತ್ರ ಹೇಳದೆ ಮೀನು ಹಾಕುತ್ತಾರೆ, ಮೊದಲೇ ಕೇಳಿ.

ನಿಲ್ಲಿಸುವಾಗ ನೆಲದ ಬಣ್ಣ ನೋಡಿ. ಬಿಳಿ ಗೆರೆ ಉಚಿತ, ನೀಲಿಗೆ ಯಂತ್ರದಲ್ಲಿ ಹಣ, ಹಳದಿ ಬೇಡವೇ ಬೇಡ. ಕಡಲತೀರದಲ್ಲಿ ಚೀಲ ಗಾಡಿಯಲ್ಲಿ ಕಾಣುವಂತೆ ಬಿಡಬೇಡಿ. ಓಡುತ್ತಿರುವಾಗ ಯಾರಾದರೂ ಟೈರ್ ತೋರಿಸಿ ನಿಲ್ಲಿಸಲು ಸನ್ನೆ ಮಾಡಿದರೆ ಅಲ್ಲಿ ನಿಲ್ಲದೆ ಮುಂದಿನ ಪೆಟ್ರೋಲ್ ಬಂಕಿಗೆ ಹೋಗಿ. ಅದು ಕಳ್ಳರ ಹಳೆಯ ಉಪಾಯ.

ಬಂಕಿನಲ್ಲಿ ಒಂದು ಪದ ಜನರನ್ನು ಕೆಡಿಸುತ್ತದೆ. ಗಾಸೋಲಿನಾ ಎಂದರೆ ಪೆಟ್ರೋಲು, ಗಾಸೋಲಿಯೋ ಎಂದರೆ ಡೀಸೆಲ್. ಪದ ನಂಬಬೇಡಿ, ಟ್ಯಾಂಕಿನ ಮುಚ್ಚಳದ ಗುರುತು ನೋಡಿ: ವೃತ್ತದೊಳಗೆ ಇ5 ಪೆಟ್ರೋಲಿಗೆ, ಚೌಕದೊಳಗೆ ಬಿ7 ಡೀಸೆಲ್ಲಿಗೆ. ತಪ್ಪು ತುಂಬಿದರೆ ಗಾಡಿ ಚಾಲೂ ಮಾಡದೆ ಕಂಪನಿಗೆ ಫೋನ್ ಮಾಡಿ. ಯಂತ್ರ ಮೊದಲು ದೊಡ್ಡ ಮೊತ್ತ ತಡೆಹಿಡಿದು ಆಮೇಲೆ ಬಿಡುವುದುಂಟು, ಗಾಬರಿ ಬೇಡ.

ವಾಪಸ್ ಕೊಡುವ ದಿನ ನಿಲ್ದಾಣದ ಹತ್ತಿರದಲ್ಲೇ ಟ್ಯಾಂಕ್ ತುಂಬಿ ರಸೀದಿ ಇಟ್ಟುಕೊಳ್ಳಿ. ಸಿಬ್ಬಂದಿ ಗಾಡಿ ನೋಡಿ ಒಪ್ಪಿದ ಕಾಗದ ಕೇಳಿ ಪಡೆಯಿರಿ. ಬೆಳಗಿನ ಜಾವ ಕೌಂಟರ್ ಮುಚ್ಚಿದ್ದರೆ ಕೀಲಿ ಪೆಟ್ಟಿಗೆಗೆ ಹಾಕುವ ಮೊದಲು ಮತ್ತೆ ಸುತ್ತಲೂ ವೀಡಿಯೊ ಮಾಡಿ. ರಾಡಾರಿಗೆ ಸಿಕ್ಕಿದ್ದರೆ ಕಂಪನಿ ನಿಮ್ಮ ಹೆಸರು ಇಲಾಖೆಗೆ ಕೊಟ್ಟು, ಅದಕ್ಕೇ ಬೇರೆ ಶುಲ್ಕ ಕಾರ್ಡಿನಿಂದ ತೆಗೆಯುತ್ತದೆ, ದಂಡ ಪ್ರತ್ಯೇಕ. 20 ದಿನದೊಳಗೆ ಕಟ್ಟಿದರೆ ಬಹುತೇಕ ದಂಡಗಳಿಗೆ ಅರ್ಧ ಮಾಫಿ. ಪತ್ರ ತಿಂಗಳುಗಟ್ಟಲೆ ತಡವಾಗಿ ಬರಬಹುದು, ಹಾಗಾಗಿ ಕರಾರಿನ ಪ್ರತಿ, ರಸೀದಿ, ಎರಡೂ ವೀಡಿಯೊ ಒಂದು ವರ್ಷವಾದರೂ ಫೋನಿನಲ್ಲಿ ಉಳಿಯಲಿ.