ಆಮ್ಲದ ಮೇಲೆ ನೀರು ಸುರಿಯಬೇಡಿ

ನನ್ನ ಎಡಗೈ ಮಣಿಕಟ್ಟಿನ ಮೇಲೆ ಕಿರುಬೆರಳಿನ ಉಗುರಿನಷ್ಟು ಅಗಲದ ಒಂದು ಕಲೆ ಇದೆ. ಅದರ ಸುತ್ತ ನಾಲ್ಕು ಸಣ್ಣ ಚುಕ್ಕೆಗಳಿವೆ. ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಮ್ಲದ ಮೇಲೆ ನಾನು ನೀರು ಸುರಿದ ದಿನ ಉಳಿದ ಗುರುತುಗಳು ಅವು. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು, ಬ್ಯಾಟರಿ ಆಮ್ಲ ಬೆರೆಸುವವರು, ಮಕ್ಕಳಿಗೆ ವಿಜ್ಞಾನ ಕಲಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನನಗೆ ನಿಯಮ ಗೊತ್ತಿರಲಿಲ್ಲ ಎಂದಲ್ಲ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು ಎಂದು ವಿದ್ಯಾರ್ಥಿಯಾಗಿದ್ದಾಗಲೇ ಬಾಯಿಪಾಠ ಮಾಡಿದ್ದೆ. ಏಕೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಕಾರಣ ತಿಳಿಯದೆ ಕಲಿತ ನಿಯಮ ಅವಸರದಲ್ಲಿ ಹಿಂದುಮುಂದಾಗುತ್ತದೆ. ಅಂದು ಸಂಜೆ ನನಗೆ ಆದದ್ದೂ ಅದೇ.

ಮರುದಿನದ ತರಗತಿಗೆ ಸಾರರಿಕ್ತ ಆಮ್ಲ, ಅಂದರೆ ನೀರು ಬೆರೆಸಿ ತೆಳುವಾಗಿಸಿದ ಆಮ್ಲ, ಸಿದ್ಧಪಡಿಸಬೇಕಿತ್ತು. ಬೀಕರಿನಲ್ಲಿ ಮೊದಲು 100 ಮಿಲಿಲೀಟರ್ ಗಟ್ಟಿ ಆಮ್ಲ, ಅಂದರೆ ಇನ್ನೂ ತೆಳುವಾಗಿಸದ ಆಮ್ಲ, ಹಾಕಿಕೊಂಡೆ. ಆಮೇಲೆ ಇನ್ನೊಂದು ಪಾತ್ರೆಯಿಂದ ಅದರ ಮೇಲೆ ನೀರು ಬಗ್ಗಿಸಿದೆ. ನೀರು ಒಳಗೆ ಇಳಿಯಲಿಲ್ಲ. ಆಮ್ಲದ ಮೇಲೆ ತೆಳುವಾದ ಹಾಳೆಯಂತೆ ಹರಡಿಕೊಂಡಿತು. ಎರಡೂ ಸೇರುವ ಗೆರೆಯಲ್ಲಿ ಬಿಸಿಲಿಗೆ ಕಾದ ರಸ್ತೆಯ ಮೇಲೆ ಗಾಳಿ ನಡುಗುವಂತೆ ಏನೋ ನಡುಗುತ್ತಿರುವುದು ಕಂಡಿತು. ನಾನು ಬಗ್ಗಿ ನೋಡಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಕಾದ ಕಬ್ಬಿಣಕ್ಕೆ ನೀರು ಬಿದ್ದಂತೆ ಚುರ್ ಎಂದು ಸದ್ದಾಯಿತು, ಬೀಕರಿನಿಂದ ಹನಿಗಳು ಚಿಮ್ಮಿದವು. ಎರಡು ಹನಿ ಕನ್ನಡಕದ ಗಾಜಿಗೆ, ಉಳಿದವು ಕೈಗೆ ಬಿದ್ದವು. ಕನ್ನಡಕ ಇಲ್ಲದಿದ್ದರೆ ಈ ಬರಹವನ್ನು ನಾನು ಇನ್ನೊಬ್ಬರಿಂದ ಬರೆಸಬೇಕಾಗುತ್ತಿತ್ತು.

ಇದಕ್ಕೆಲ್ಲ ಕಾರಣ ಸಾಂದ್ರತೆ. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ ತೂಗಿದರೆ, ಅಷ್ಟೇ ಅಳತೆಯ ಗಟ್ಟಿ ಸಲ್ಫ್ಯೂರಿಕ್ ಆಮ್ಲ 1.84 ಕಿಲೋ ತೂಗುತ್ತದೆ. ಹಾಗಾಗಿ ಮೇಲಿನಿಂದ ಸುರಿದ ನೀರು ಮೇಲೆಯೇ ನಿಲ್ಲುತ್ತದೆ. ಆಮ್ಲ ಎಣ್ಣೆಯಂತೆ ಮಂದವಾಗಿರುವುದರಿಂದ ಬೇಗ ಬೆರೆಯುವುದೂ ಇಲ್ಲ. ಇವೆರಡೂ ಸೇರುವಲ್ಲಿ ಅಪಾರ ಶಾಖ ಹುಟ್ಟುತ್ತದೆ. ಅಷ್ಟನ್ನೂ ಆ ತೆಳುವಾದ ನೀರಿನ ಪದರವೇ ತಡೆದುಕೊಳ್ಳಬೇಕು. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಗಟ್ಟಿ ಆಮ್ಲ ಕುದಿಯುವುದು ಸುಮಾರು 337 ಡಿಗ್ರಿಯಲ್ಲಿ. ಮೇಲಿನ ನೀರು ಥಟ್ಟನೆ ಆವಿಯಾಗಿ, ಕೆಳಗಿನ ಆಮ್ಲವನ್ನೂ ಹೊತ್ತುಕೊಂಡು ಹಾರುತ್ತದೆ. ನೀರಿಗೆ ಆಮ್ಲ ಹಾಕಿದರೆ ಭಾರವಾದ ಆಮ್ಲ ಕೆಳಗಿಳಿಯುತ್ತ ಬೆರೆಯುತ್ತದೆ, ಶಾಖವನ್ನು ಹೀರಿಕೊಳ್ಳಲು ಸುತ್ತಲೂ ಸಾಕಷ್ಟು ನೀರಿರುತ್ತದೆ.

ಪಕ್ಕದ ಕೋಣೆಯಿಂದ ಓಡಿ ಬಂದ ಹಿರಿಯ ಸಹೋದ್ಯೋಗಿ ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, "ನಾನು ಹೇಳುವ ತನಕ ತೆಗೆಯಬೇಡಿ" ಎಂದರು. ನೀರು ತಾಗಿದರೆ ಆಮ್ಲ ಬಿಸಿಯಾಗುತ್ತದಲ್ಲ ಎಂಬ ಹೆದರಿಕೆ ನಿಮಗೂ ಬರಬಹುದು. ಚರ್ಮದ ಮೇಲಿರುವುದು ಒಂದು ಹನಿ, ನಲ್ಲಿಯಿಂದ ಬರುವುದು ಹರಿಯುವ ನೀರು. ಅದು ಆಮ್ಲವನ್ನೂ ಶಾಖವನ್ನೂ ತೊಳೆದು ಒಯ್ಯುತ್ತದೆ. ಆಮ್ಲ ಬಿದ್ದ ಬಟ್ಟೆಯನ್ನು ಕೂಡಲೇ ತೆಗೆಯಿರಿ, ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ನಂತರ ವೈದ್ಯರ ಬಳಿ ಹೋಗಿ. ಗಾಯದ ಮೇಲೆ ಸೋಡಾ ಪುಡಿ ಉಜ್ಜಬೇಡಿ, ಅದರಿಂದ ಉರಿ ಹೆಚ್ಚಾಗಬಹುದು. ಅಂದು ನನ್ನ ಅಂಗಿಯ ತೋಳು ನೋಡಲು ಸರಿಯಾಗಿಯೇ ಇತ್ತು. ಒಗೆದಾಗ ಜರಡಿಯಾಗಿತ್ತು.

ಕೆಲವು ವಾರಗಳ ನಂತರ ಇನ್ನೊಂದು ತಪ್ಪು ಮಾಡಿದೆ. ಈ ಸಲ ನೀರಿಗೇ ಆಮ್ಲ ಹಾಕಿದೆ, ಆದರೆ ಕಲಕಲಿಲ್ಲ. ಆಮ್ಲ ದಪ್ಪ ಎಳೆಯಾಗಿ ನೇರ ತಳಕ್ಕೆ ಇಳಿದು ಅಲ್ಲಿಯೇ ಕುಳಿತಿತು. ಬೀಕರಿನ ಮೇಲ್ಭಾಗ ತಣ್ಣಗಿತ್ತು, ತಳ ಕೈಯಿಡಲಾಗದಷ್ಟು ಬಿಸಿಯಾಗಿತ್ತು. ಆಗ ಗಾಜಿನ ಕಡ್ಡಿಯಿಂದ ಜೋರಾಗಿ ಕಲಕಿದ್ದರೆ ಮತ್ತೆ ಸಿಡಿಯುತ್ತಿತ್ತು. ನಿಯಮ ಪಾಲಿಸಿದೆ ಎಂಬ ಧೈರ್ಯವೂ ಅಪಾಯವೇ ಎಂದು ಆಗ ಅರಿವಾಯಿತು. ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲವೂ ಕಲಕಿ, ಆರಲು ಬಿಡಿ.

ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಎರಚುವುದೂ ಇದೇ ತಪ್ಪಿನ ಮತ್ತೊಂದು ಮುಖ. ಎಣ್ಣೆಯ ಸಾಪೇಕ್ಷ ಸಾಂದ್ರತೆ, ಅಂದರೆ ನೀರನ್ನು 1 ಎಂದಿಟ್ಟುಕೊಂಡು ಹೋಲಿಸಿದ ಸಾಂದ್ರತೆ, 0.92ರ ಆಸುಪಾಸಿನಲ್ಲಿರುತ್ತದೆ, ಆದ್ದರಿಂದ ಇಲ್ಲಿ ನೀರು ತಳಕ್ಕಿಳಿಯುತ್ತದೆ. ಅಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಎಸೆಯುತ್ತದೆ. ಪೆಟ್ರೋಲಿನ ಸಾಂದ್ರತೆ ಇನ್ನೂ ಕಡಿಮೆ, 0.75ರ ಹತ್ತಿರ. ನೀರಿನ ಮೇಲೆ ತೇಲುತ್ತ ಬೆಂಕಿಯನ್ನು ಹರಡುತ್ತದೆ.

ನನ್ನ ಕೈ ಅಂದು ಮೊದಲೇ ಎಚ್ಚರಿಕೆ ಕೊಟ್ಟಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಎರಡೂವರೆ ಲೀಟರಿನ ಆಮ್ಲದ ಬಾಟಲಿ ಎತ್ತುವಾಗ ಮಣಿಕಟ್ಟು ಜಗ್ಗಿತ್ತು. ಒಳಗಿನ ಆಮ್ಲವೇ 4.6 ಕಿಲೋ, ಗಾಜಿನ ತೂಕ ಬೇರೆ. ಇಷ್ಟು ಭಾರವೇಕೆ ಎಂದು ಒಂದು ಕ್ಷಣ ನಿಂತು ಯೋಚಿಸಿದ್ದರೂ ಸಾಕಿತ್ತು.

ಈಗ ಹೊಸಬರು ಬಂದರೆ ನಾನು ಮೊದಲ ದಿನ ನಿಯಮ ಹೇಳುವುದಿಲ್ಲ. ಒಂದೇ ಅಳತೆಯ ಎರಡು ಬಾಟಲಿ ಕೊಡುತ್ತೇನೆ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಗ್ಲಿಸರಿನ್. ಎರಡೂ ಒಂದೇ ಬಣ್ಣ. ಎತ್ತಿ ನೋಡಿ, ಒಂದರೊಳಗೆ ಇನ್ನೊಂದನ್ನು ಸುರಿದರೆ ಯಾವುದು ಎಲ್ಲಿ ನಿಲ್ಲುತ್ತದೆ ಹೇಳಿ ಎನ್ನುತ್ತೇನೆ. ಸರಿಯಾದ ಉತ್ತರ ಬಂದ ಮೇಲೆಯೇ ಆಮ್ಲದ ಕಪಾಟಿನ ಬೀಗ ತೆಗೆಯುತ್ತೇನೆ.