30 ರೂಪಾಯಿ ನೋಟ್‌ಬುಕ್ಕಿಗೆ ನಾಲ್ಕೂವರೆ ಸ್ಟಾರ್

ನಮ್ಮ ಕಾರಿನ ಗ್ಲೋವ್ ಬಾಕ್ಸಿನಲ್ಲಿ ಅಂಗೈ ಅಗಲದ ಒಂದು ನೋಟ್‌ಬುಕ್ ಇದೆ. ಮನೆ ಹತ್ತಿರದ ಸ್ಟೇಷನರಿ ಅಂಗಡಿಯಲ್ಲಿ 30 ರೂಪಾಯಿ ಕೊಟ್ಟು ತಂದದ್ದು. ನೀಲಿ ರಟ್ಟು, ಒಳಗೆ ಗೆರೆ ಹಾಕಿದ 96 ಪುಟ. ಈ ವಿಮರ್ಶೆ ಅದರದ್ದೇ. ನಗಬೇಡಿ. ಕಾರಿನ ಮೈಲೇಜ್ ಲೆಕ್ಕಕ್ಕೆ ಇದಕ್ಕೆ ಮುಂಚೆ ಕಾರಿನ ಸ್ಕ್ರೀನನ್ನೂ ನಂಬಿದ್ದೆ, ಫೋನಿನ ಆ್ಯಪನ್ನೂ ನಂಬಿದ್ದೆ.

ಕಾರು ಐದು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1200 ಸಿಸಿ. ಕಂಪನಿ ಹೆಸರು ಬೇಡ, ಮುಂದೆ ಸ್ವಲ್ಪ ಬೈಯೋದಿದೆ. ನಾನು ಮೈಸೂರಿನ ಕುವೆಂಪುನಗರದಿಂದ ನಂಜನಗೂಡಿಗೆ ದಿನಾ ಕೆಲಸಕ್ಕೆ ಹೋಗಿ ಬರುವವಳು, ಫ್ಯಾಕ್ಟರಿಯೊಂದರಲ್ಲಿ ಅಕೌಂಟ್ಸ್. ಎರಡೂ ಕಡೆ ಸೇರಿ 50 ಕಿಲೋಮೀಟರಿನ ಆಸುಪಾಸು. ಸ್ಟೀರಿಂಗ್ ಹಿಂದಿನ ಸ್ಕ್ರೀನಿನಲ್ಲಿ ಯಾವಾಗ ನೋಡಿದರೂ ಲೀಟರಿಗೆ 18 ಚಿಲ್ಲರೆ ಕಿಲೋಮೀಟರ್ ಅಂತ ಇರುತ್ತಿತ್ತು. "ಹದಿನೆಂಟು ಕೊಡ್ತಿದೆ ಕಣೇ, ಇನ್ನೇನು ಬೇಕು" ಅಂತ ನಮ್ಮನೆಯವರು ಖುಷಿಯಾಗಿದ್ದರು. ಆದರೆ ತಿಂಗಳ ಕೊನೆಗೆ ಪೆಟ್ರೋಲ್ ಖರ್ಚು ಕೂಡಿದರೆ ತಾಳೆಯಾಗುತ್ತಿರಲಿಲ್ಲ. ಲೆಕ್ಕದವಳಿಗೆ ಇದಕ್ಕಿಂತ ಕಿರಿಕಿರಿ ಬೇರೆ ಇಲ್ಲ.

ಸರಿ, ಒಂದು ದಿನ ಟ್ಯಾಂಕ್ ಫುಲ್ ಮಾಡಿಸಿ, ಸ್ಕ್ರೀನಿನ ಸರಾಸರಿಯನ್ನು ಸೊನ್ನೆ ಮಾಡಿ, ಮೊದಲ ಸಾಲು ಬರೆದೆ: ಓಡೋಮೀಟರ್, ಅಂದರೆ ಕಾರು ಇದುವರೆಗೆ ಓಡಿದ ಒಟ್ಟು ಕಿಲೋಮೀಟರ್, 48,212. ಹನ್ನೊಂದು ದಿನ ಬಿಟ್ಟು ಅದೇ ಬಂಕಿನಲ್ಲಿ ಮತ್ತೆ ಫುಲ್. ಓಡೋಮೀಟರ್ 48,731. ಹಿಡಿದ ಪೆಟ್ರೋಲ್ 31.4 ಲೀಟರ್. 519 ಕಿಲೋಮೀಟರನ್ನು 31.4ರಿಂದ ಭಾಗಿಸಿದರೆ 16.5. ಸ್ಕ್ರೀನು ಹೇಳಿದ್ದು 18.1. ಆಗಿನ ಬೆಲೆ ಲೀಟರಿಗೆ 102 ರೂಪಾಯಿ ಚಿಲ್ಲರೆ ಅಂದರೂ, ಕಿಲೋಮೀಟರಿಗೆ 5 ರೂಪಾಯಿ 70 ಪೈಸೆ ಅಂದುಕೊಂಡಿದ್ದ ಖರ್ಚು ನಿಜವಾಗಿ 6 ರೂಪಾಯಿ 20 ಪೈಸೆ. ತಾಳೆಯಾಗದೆ ಉಳಿದಿದ್ದ ದುಡ್ಡು ಅದೇ.

ಸ್ಕ್ರೀನಿನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಅದು ಪೆಟ್ರೋಲನ್ನು ಅಳತೆ ಪಾತ್ರೆಯಲ್ಲಿ ಅಳೆಯುವುದಿಲ್ಲ. ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನೋದರ ಮೇಲೆ ಅಂದಾಜು ಹಾಕುತ್ತದೆ. ಅಂದಾಜು ತಪ್ಪುವುದು ಸರಿ, ನಮ್ಮ ಕಾರಿನಲ್ಲಿ ಅದು ಪ್ರತಿ ಸಲವೂ ಕಂಪನಿಗೆ ಒಳ್ಳೇ ಹೆಸರು ಬರುವ ಕಡೆಗೇ ತಪ್ಪುತ್ತದಲ್ಲ, ಅದು ನನ್ನ ತಕರಾರು. ಶೋರೂಮಿನಲ್ಲಿ ಹೇಳಿದ 20ರ ಮೇಲಿನ ಅಂಕಿಯ ಕಥೆ ಬೇರೆ. ಅದು ಲ್ಯಾಬಿನಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ, ವೇಗ 90 ದಾಟದಂತೆ ಓಡಿಸಿದಾಗ ಬಂದದ್ದು. ಏಪ್ರಿಲ್ ಬಿಸಿಲಲ್ಲಿ ನಂಜನಗೂಡು ರಸ್ತೆಯಲ್ಲಿ ಎಸಿ ಆಫ್ ಮಾಡಿ ತೋರಿಸಲಿ ನೋಡೋಣ.

ಪುಸ್ತಕದಲ್ಲಿ ಬರೆಯೋದು ಸುಲಭ, ಬಂಕಿನಲ್ಲಿ ಶಿಸ್ತು ಕಾಪಾಡೋದು ಕಷ್ಟ. ನಾಝಲ್ ಒಮ್ಮೆ ಟಕ್ ಅಂತ ಆಟೋ ಕಟ್ ಆಯಿತು ಅಂದರೆ ಅಲ್ಲಿಗೇ ನಿಲ್ಲಬೇಕು. ಆದರೆ ಬಂಕಿನ ಹುಡುಗನಿಗೆ 3,231 ಅನ್ನೋ ಅಂಕಿ ನೋಡಿದರೆ ಕೈ ತಡೆಯಲ್ಲ. "ಮೇಡಂ, ರೌಂಡ್ ಫಿಗರ್ ಮಾಡ್ಲಾ?" ಅನ್ನುತ್ತಲೇ ಮತ್ತೆ ಒತ್ತುತ್ತಾನೆ. ಒಂದು ಸಲ ಆಟೋ ಕಟ್ಟಿಗೆ ನಿಲ್ಲಿಸಿ, ಇನ್ನೊಂದು ಸಲ ಮುಚ್ಚಳದವರೆಗೆ ತುಂಬಿಸಿದರೆ ಅಲ್ಲೇ ಒಂದೆರಡು ಲೀಟರ್ ಆಚೆ ಈಚೆ. ಲೆಕ್ಕ ಕೆಟ್ಟ ಹಾಗೇ. ಈಗ ಅವನಿಗೆ ನನ್ನ ಪರಿಚಯವಾಗಿದೆ. ನಾನು ಪುಸ್ತಕ ತೆಗೆದ ಕೂಡಲೇ "ಗೊತ್ತು ಮೇಡಂ, ಕಟ್ ಆದ್ರೆ ಸ್ಟಾಪ್" ಅನ್ನುತ್ತಾನೆ.

ಇನ್ನೊಂದು ತಪ್ಪು ನಮ್ಮನೆಯವರೇ ಮಾಡಿದ್ದು: ಮೊದಲ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿದರು. ಮೊದಲ ಸಲದ ಪೆಟ್ರೋಲ್ ಲೆಕ್ಕಕ್ಕೇ ಇಲ್ಲ. ಓಡಿಸಿ ಬಂದ ಮೇಲೆ ಎಷ್ಟು ಹಿಡಿಯಿತೋ ಅಷ್ಟೇ ನಾವು ಸುಟ್ಟದ್ದು.

ಆ್ಯಪಿನ ವಿಷಯ ಹೇಳಿಬಿಡುತ್ತೇನೆ. ನೋಡೋಕೆ ಚೆಂದ, ಬಣ್ಣದ ಗ್ರಾಫು ಬರುತ್ತದೆ. ಮಡಿಕೇರಿಗೆ ಹೋಗಿ ಬಂದಾಗ ನನ್ನ ನಂಬಿಕೆ ಹೋಯಿತು. ಮೈಸೂರಿನಿಂದ ಅಲ್ಲಿಗೆ ಸುಮಾರು 120 ಕಿಲೋಮೀಟರ್. ಚಿಲ್ಲರೆ ಬಿಟ್ಟು ಹೇಳುತ್ತೇನೆ. ಹೋಗುವಾಗ ನಾಲ್ಕು ಜನ, ಲಗೇಜು, ಕುಶಾಲನಗರ ದಾಟಿದ ಮೇಲೆ ಏರು. 8 ಲೀಟರ್ ಕುಡಿಯಿತು, ಅಂದರೆ 15. ಬರುವಾಗ ಇಳಿಜಾರು, ಬೆಳಗಿನ ಖಾಲಿ ರಸ್ತೆ; 5 ಲೀಟರ್ ಸಾಕಾಯಿತು, ಅಂದರೆ 24. ಆ್ಯಪು ಎರಡನ್ನೂ ಕೂಡಿ ಅರ್ಧ ಮಾಡಿ 19.5 ಅಂತ ತೋರಿಸಿತು. ಆದರೆ ಓಡಿದ್ದು 240 ಕಿಲೋಮೀಟರ್, ಸುಟ್ಟದ್ದು 13 ಲೀಟರ್. ಭಾಗಿಸಿ ನೋಡಿ, 18.5 ಕೂಡ ಪೂರ್ತಿ ಬರಲ್ಲ. ಕಿಲೋಮೀಟರ್ ಎಲ್ಲ ಒಂದು ಕಡೆ ಕೂಡಿ, ಲೀಟರ್ ಎಲ್ಲ ಇನ್ನೊಂದು ಕಡೆ ಕೂಡಿ, ಆಮೇಲೆ ಭಾಗಿಸಬೇಕು ಅಲ್ವಾ? ಅವತ್ತೇ ಅಳಿಸಿ ಹಾಕಿದೆ. ಎಲ್ಲ ಆ್ಯಪೂ ಹೀಗೇ ಅಂತ ನಾನು ಹೇಳುತ್ತಿಲ್ಲ.

ಅದೇ ಇಳಿಜಾರಿನಲ್ಲಿ ಹಿಂದಿನ ಸೀಟಿನಿಂದ ನಮ್ಮಪ್ಪನ ಸಲಹೆ, "ನ್ಯೂಟ್ರಲ್ ಹಾಕಮ್ಮ, ಪೆಟ್ರೋಲ್ ಉಳಿಯತ್ತೆ." ಅಪ್ಪ ಓಡಿಸಿದ್ದು ಇಂಜೆಕ್ಟರಿಗೂ ಮುಂಚಿನ ಕಾಲದ, ಕಾರ್ಬ್ಯುರೇಟರ್ ಇದ್ದ ಪ್ರೀಮಿಯರ್ ಪದ್ಮಿನಿ. ಈಗಿನ ಕಾರಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರದೆ ಇರೋಕೆ ಒಂದಿಷ್ಟು ಕುಡಿಯಲೇಬೇಕು. ಬ್ರೇಕಿನ ಮೇಲೆ ಭಾರ ಬೀಳೋದು ಬೇರೆ. ಅಪ್ಪ ಒಪ್ಪಲಿಲ್ಲ, ಸುಮ್ನೆ ಕಿಟಕಿ ಆಚೆ ನೋಡುತ್ತಾ ಕೂತರು.

ಪುಸ್ತಕ ತನ್ನ ಬೆಲೆ ತೀರಿಸಿದ್ದು ಕಳೆದ ಮಳೆಗಾಲದಲ್ಲಿ. ಸಾಲುಗಳು ಹೀಗಿವೆ: 16.5, 16.6, 16.4, ಆಮೇಲೆ 15.3, ಆಮೇಲೆ 14.7. ಅದೇ ರಸ್ತೆ, ಅದೇ ಬಂಕು, ಅದೇ ಕಾಲು. ಟೈರಿನ ಗಾಳಿ ನೋಡಿಸಿದೆ, ಸರಿ ಇತ್ತು. ಸ್ಕ್ರೀನು ಮಾತ್ರ 18.1ರಿಂದ 17.9ಕ್ಕೆ ಇಳಿದಿತ್ತು, ಅಷ್ಟೇ. ಪುಸ್ತಕ ಶುರು ಮಾಡಿದ ದಿನದಿಂದ ನಾನು ಅದನ್ನು ಸೊನ್ನೆ ಮಾಡಿರಲಿಲ್ಲ. ಒಂಬತ್ತು ಸಾವಿರ ಕಿಲೋಮೀಟರಿನ ಸರಾಸರಿಯಲ್ಲಿ ಒಂದು ಸಾವಿರದ ಕಾಯಿಲೆ ಮುಚ್ಚಿಹೋಗಿತ್ತು. ಒಂದು ಸಂಜೆ ಮನೆ ಮುಂದೆ ನಿಲ್ಲಿಸಿ ಒಂದೊಂದೇ ಚಕ್ರದ ಹತ್ತಿರ ಕೈ ಹಿಡಿದೆ. ಮುಂದಿನ ಎಡಗಡೆಯದು ಕಾವಲಿ ಥರ ಬಿಸಿ. "ಕ್ಯಾಲಿಪರ್ ಜಾಮ್ ಆಗಿದೆ ಮೇಡಂ, ಬ್ರೇಕ್ ಹಿಡ್ಕೊಂಡೇ ಓಡಿಸಿದೀರ" ಅಂದ ಮೆಕ್ಯಾನಿಕ್. ಕ್ಯಾಲಿಪರ್ ಅಂದರೆ ಬ್ರೇಕ್ ಪ್ಯಾಡನ್ನು ಒತ್ತಿ ಹಿಡಿಯುವ ಭಾಗ. ಪಿನ್ ಬಿಚ್ಚಿ ಗ್ರೀಸ್ ಹಾಕಿ, ಸವೆದ ಪ್ಯಾಡ್ ಬದಲಿಸಿದ. ಮುಂದಿನ ಸಾಲು 16.3.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯಲೇಬೇಕು. ನನ್ನ ಕಾರಿನಲ್ಲಿ ಎಷ್ಟು ಇಳಿಯಿತು ಅಂತ ಕೇಳಬೇಡಿ. ಅದಕ್ಕೆ ಮುಂಚಿನ ಸಾಲುಗಳು ನನ್ನ ಹತ್ತಿರ ಇಲ್ಲ. ಪುಸ್ತಕ ಇನ್ನೂ ಮೊದಲೇ ತರಬೇಕಿತ್ತು.

ಇನ್ನು ಅರ್ಧ ಸ್ಟಾರ್ ಕಡಿಮೆ ಕೊಟ್ಟದ್ದಕ್ಕೆ ಕಾರಣ. ಪೆನ್ ಸಿಕ್ಕಿಸೋಕೆ ಜಾಗ ಇಲ್ಲ. ದಾರ ಕಟ್ಟಿ ನೇತುಹಾಕಿದ ಬಾಲ್‌ಪೆನ್ ಬಿಸಿಲಿಗೆ ಸೋರಿ ಒಂದು ಪುಟ ಪೂರ್ತಿ ಹಾಳಾಯಿತು. ಅದರ ಪಕ್ಕದ ಪುಟದಲ್ಲಿ ಮಗಳು ಬೆಕ್ಕು ಬರೆದಿದ್ದಾಳೆ. ಬೆಕ್ಕಿನ ಬಾಲ 15.3ರ ಮೇಲೆ ಹಾದುಹೋಗಿದೆ, ಆದರೂ ಓದೋಕೆ ಬರುತ್ತದೆ.